ಭೂಮಿ ಬೆಲೆ ಇಳಿಯೋದೇ ಇಲ್ವಾ?

ಓದುಗರೊಬ್ಬರ ಪತ್ರ: ‘ಕೈಯಲ್ಲಿ ಸ್ವಲ್ಪ ಉಳಿತಾಯವಿದೆ. ಮಿಕ್ಕಿದ್ದಕ್ಕೆ ಸಾಲ ಮಾಡಿ ಹೊಲ ಕೊಳ್ಳೋಣ ಅಂತಿದ್ದೇನೆ. ಭೂಮಿ ಬೆಲೆ ಯಾವತ್ತೂ ಇಳಿಯೋದಿಲ್ಲ ಅಂತ ಎಲ್ಲರೂ ಹೇಳ್ತಾರೆ. ಧೈರ್ಯ ಮಾಡಬಹುದಾ?’

ನಿಮ್ಮ ಆಸೆ ಒಳ್ಳೆಯದೇ. ಭೂಮಿಯನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಹಣದುಬ್ಬರ ಬಂದಾಗ ನೋಟಿನ ಹಾಗೆ ಬೇಗ ಕರಗುವುದೂ ಇಲ್ಲ. ಒಪ್ಪಿದೆ. ಆದರೆ ‘ಸಾಲ ಮಾಡಿ’ ಎಂದಿದ್ದೀರಲ್ಲ, ಅಲ್ಲಿಗೆ ನಾನು ನಿಂತುಬಿಟ್ಟೆ.

ಅಮೆರಿಕದ ಅಯೋವಾ ಕಪ್ಪು ಮಣ್ಣಿನ, ಮೆಕ್ಕೆಜೋಳದ ನಾಡು. 1970ರ ದಶಕದಲ್ಲಿ ಧಾನ್ಯದ ರಫ್ತು ಹೆಚ್ಚಿತು, ಹೊಲದ ಬೆಲೆಯೂ ಏರಿತು. ಇದ್ದ ಹೊಲ ಅಡವಿಟ್ಟು ಪಕ್ಕದ ಹೊಲ ಕೊಂಡವರು ಎಷ್ಟೋ ಜನ. 1979ರ ಕೊನೆಗೆ ಹಣದುಬ್ಬರ ತಡೆಯಲು ಅಲ್ಲಿನ ಕೇಂದ್ರ ಬ್ಯಾಂಕು ಹಣದ ಹರಿವನ್ನು ಬಿಗಿ ಮಾಡಿತು, ಬಡ್ಡಿ ಜಿಗಿಯಿತು. 1980ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಮಾರುವುದಕ್ಕೂ ಸರ್ಕಾರ ಕಡಿವಾಣ ಹಾಕಿತು. 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಬೆಲೆ 1986ಕ್ಕೆ 787ಕ್ಕೆ ಬಂತು. ಹಳೇ ಅಂಕಿ ದಾಟಿದ್ದು 2003ರಲ್ಲಿ! ಸಾಲವಿಲ್ಲದವರು ಬಿತ್ತಿಕೊಂಡು ಕಾದರು. ಸಾಲ ಹೊತ್ತವರ ಹೊಲ, ಟ್ರ್ಯಾಕ್ಟರು ಹರಾಜಾದವು. ಮಣ್ಣು ಮಾತ್ರ ಅದೇ ಮಣ್ಣು.

ಸುಮ್ನೆ ಒಂದು ಲೆಕ್ಕ ಹಾಕಿ. ಹೊಲವನ್ನು ಗುತ್ತಿಗೆಗೆ ಕೊಟ್ಟರೆ ನೂರಕ್ಕೆ ಮೂರು ಬರುತ್ತದೆ, ಬಡ್ಡಿ ಒಂಬತ್ತು ಅಂದುಕೊಳ್ಳೋಣ. ಉಳಿದ ಆರು ಪ್ರತಿ ವರ್ಷ ನಿಮ್ಮ ಸಂಬಳದಿಂದಲೇ ಹೋಗಬೇಕು. ಒಂದು ಮಳೆ ಕೈಕೊಟ್ಟರೆ ಆ ಮೂರೂ ಇಲ್ಲ. ಮಾರೋಣವೆಂದರೆ ಹೊಲ ರಾತ್ರೋರಾತ್ರಿ ಮಾರಾಟವಾಗುವ ವಸ್ತುವಲ್ಲ. ಅವಸರ ನಿಮ್ಮದಾದರೆ ಬೆಲೆ ಹೇಳುವವನು ಕೊಳ್ಳುವವನು.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಎರಡು ಪುಟದ ಪತ್ರದಲ್ಲಿ ಬೆಲೆಯ ಮಾತು ಉದ್ದಕ್ಕೂ ಇದೆ. ನೀರಿನ ಮಾತು ಒಂದು ಸಲವೂ ಇಲ್ಲ. ನನ್ನ ಗೆಳೆಯನೊಬ್ಬ ಮಳೆಗಾಲದಲ್ಲಿ ಹೊಲ ನೋಡಿದ. ಬಾವಿ ಕೈಗೆಟಕುವಷ್ಟು ತುಂಬಿತ್ತು. ಅವತ್ತೇ ಮುಂಗಡ ಕೊಟ್ಟ. ಬೇಸಿಗೆಯಲ್ಲಿ ನಾನೂ ಜೊತೆಗೆ ಹೋದೆ. ಒಣಗಿದ ಪಾಚಿಯ ಗೆರೆ ಮೇಲೆಲ್ಲೋ ಇತ್ತು. ತಳದಲ್ಲಿ ಬಿರುಕುಬಿಟ್ಟ ಕೆಸರು, ಒಂದು ಹರಿದ ಹಗ್ಗ. ಅವನು ಬಹಳ ಹೊತ್ತು ಮಾತೇ ಆಡಲಿಲ್ಲ.

ಎಕರೆಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಎಕರೆಗೆ ಏನು ಬೆಳೆಯುತ್ತೆ ಅಂತ ಕೇಳುವವರು ಎಲ್ಲಿದ್ದಾರೆ? ಬೆಲೆ ಬೆಳೆಯನ್ನು ಬಿಟ್ಟು ಓಡಿದೆ. ಉಳುವವರ ಮಕ್ಕಳಿಗೇ ಪಕ್ಕದ ತುಂಡು ಕೊಳ್ಳಲು ಆಗುತ್ತಿಲ್ಲ. ಇದು ನನಗೆ ನಿಜಕ್ಕೂ ನೋವು.

ಕಡು ಬೇಸಿಗೆಯಲ್ಲಿ ಒಮ್ಮೆ ಆ ಹೊಲಕ್ಕೆ ಹೋಗಿ. ದಲ್ಲಾಳಿಯನ್ನು ಬಿಡಿ, ಅಲ್ಲಿ ದುಡಿಯುವವರ ಪಕ್ಕ ಕೂತು ಕಳೆದ ಐದು ವರ್ಷ ಖರ್ಚು ಕಳೆದು ಕೈಗೆ ಎಷ್ಟು ಸಿಕ್ಕಿತು ಅಂತ ಕೇಳಿ. ಸಾಲದ ಅರ್ಜಿ ಅಲ್ಲಿಯವರೆಗೆ ಕಾಯಲಿ.