ಸಾಧು ಹುಡುಗಿಗೆ ಬಂದ 4

ಹುಡುಗಿಗೆ 14 ವರ್ಷ. ಜರ್ಮನಿಯ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ, ಸ್ಟುಟ್‌ಗಾರ್ಟ್ ಆಸುಪಾಸಿನ ಒಂದು ಗಿಮ್ನಾಸಿಯಂನಲ್ಲಿ, ಅಂದರೆ ವಿಶ್ವವಿದ್ಯಾಲಯದ ಓದಿಗೆ ಅಣಿಮಾಡುವ ಪ್ರೌಢಶಾಲೆಯಲ್ಲಿ, ಒಂಬತ್ತನೇ ತರಗತಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ. ಅವಳನ್ನು ಅನಘಾ ಎನ್ನೋಣ. ಬೆಂಗಳೂರಿನಿಂದ ಹೋಗಿ ಒಂದೂವರೆ ವರ್ಷವಾಗಿದೆ. ಮೊದಲ ವರ್ಷ, ಹೊಸದಾಗಿ ಬಂದ ಮಕ್ಕಳಿಗೆ ಜರ್ಮನ್ ಕಲಿಸುವ ಪೂರ್ವಸಿದ್ಧತಾ ತರಗತಿಯಲ್ಲಿ ಕಳೆಯಿತು. ಸೆಪ್ಟೆಂಬರ್‌ನಿಂದ ಎಲ್ಲರ ಜೊತೆ ಮಾಮೂಲಿ ಕ್ಲಾಸು. ಫೆಬ್ರವರಿಯಲ್ಲಿ ಅರ್ಧವಾರ್ಷಿಕ ಅಂಕಪಟ್ಟಿ ಬಂದ ವಾರವೇ ತಾಯಿ ಸಲಹೆ ಕೇಳಿ ನಮಗೆ ವಿಡಿಯೊ ಕರೆಯಲ್ಲಿ ಸಿಕ್ಕರು. ದೂರು ಎರಡು: ಪ್ರತಿ ಸೋಮವಾರ ಬೆಳಿಗ್ಗೆ ಮಗಳಿಗೆ ತಲೆನೋವು, ಬಯಾಲಜಿ, ಇತಿಹಾಸ ಎರಡರಲ್ಲೂ 4.

ಅಲ್ಲಿ 1 ಅತ್ಯುತ್ತಮ, 6 ಅತಿ ಕಳಪೆ. 4 ಅಂದರೆ ಪಾಸಿನ ಅಂಚು.

“ಏಳನೇ ಕ್ಲಾಸಲ್ಲಿ 94 ಪರ್ಸೆಂಟ್ ತೆಗೆದವಳು ಮೇಡಂ, ಟೀಚರೆಲ್ಲ ಎಷ್ಟು ಸಾಧು ಹುಡುಗಿ ಅಂತಿದ್ರು” ಎಂದರು ತಾಯಿ. ಅವರು ಮಗಳ ಪರವಾಗಿ ಹೇಳಿದ ಈ ಮಾತಿನಲ್ಲೇ ಕಾರಣ ಇತ್ತು. ಬರೆದ ಪರೀಕ್ಷೆಗಳಲ್ಲಿ ಅನಘಾಗೆ ಎರಡು, ಎರಡೂವರೆ ಬಂದಿತ್ತು. ಆದರೆ ಜರ್ಮನ್ ಶಾಲೆಯಲ್ಲಿ ತರಗತಿಯಲ್ಲಿ ಕೈ ಎತ್ತಿ ಮಾತಾಡುವುದಕ್ಕೂ ಅಂಕವಿದೆ; ವರ್ಷಕ್ಕೆ ಒಂದೆರಡೇ ಲಿಖಿತ ಪರೀಕ್ಷೆ ಇರುವ ವಿಷಯಗಳಲ್ಲಿ ಅದರ ತೂಕ ದೊಡ್ಡದು. ನಮ್ಮಲ್ಲಿ ಕೇಳಿದಾಗ ಮಾತ್ರ ಎದ್ದು ನಿಂತು ಉತ್ತರ ಕೊಡುವುದು ಮರ್ಯಾದೆ. ಅಲ್ಲಿ ಕರೆಯುವ ತನಕ ಕಾದು ಕೂತ ಮಗುವಿಗೆ ‘ಭಾಗವಹಿಸುವುದಿಲ್ಲ’ ಎಂಬ ಷರಾ ಬೀಳುತ್ತದೆ.

ತಂದೆ ಆಗಲೇ ಒಂದು ಎಡವಟ್ಟು ಮಾಡಿದ್ದರು. ಅಂಕ ಮರುಪರಿಶೀಲಿಸಿ ಎಂದು ಬಯಾಲಜಿ ಶಿಕ್ಷಕಿಗೆ ಉದ್ದದ ಇಮೇಲ್ ಬರೆದಿದ್ದರು. ಅದಕ್ಕೆ ಬಂದ ಉತ್ತರ ಒಂದೇ ಸಾಲು. ಕೇಳುವ ದಾರಿ ಬೇರೆ ಇದೆ. ಆ ರಾಜ್ಯದ ನಿಯಮದಂತೆ, ಯಾವುದಕ್ಕೆ ಎಷ್ಟು ತೂಕ ಎಂದು ಶಿಕ್ಷಕರು ವರ್ಷದ ಆರಂಭದಲ್ಲಿ ತಿಳಿಸಬೇಕು. ವಿದ್ಯಾರ್ಥಿ ಕೇಳಿದರೆ ಮೌಖಿಕದಲ್ಲಿ, ಅಂದರೆ ತರಗತಿಯಲ್ಲಿ ಮಾತಾಡುವುದರ ಅಂಕದಲ್ಲಿ, ಸದ್ಯ ಎಲ್ಲಿದ್ದೀಯೆ ಎಂದು ಹೇಳಬೇಕು. ಕೇಳಬೇಕಾದವಳು ಮಗಳು, ಅಪ್ಪನಲ್ಲ. ತಂದೆ ತಾಯಿಗೆ ಶಿಕ್ಷಕರನ್ನು ಕಾಣುವ ಸಮಯ ಬೇರೆ ಇರುತ್ತದೆ, ಸಿಗುವುದು ಹತ್ತು ನಿಮಿಷ. ಅಲ್ಲಿಗೆ ಒಂದೇ ಪ್ರಶ್ನೆ ಹೊತ್ತು ಹೋಗಿ ಎಂದೆವು: “4ರಿಂದ 3ಕ್ಕೆ ಬರಲು ತರಗತಿಯಲ್ಲಿ ಅವಳು ಏನು ಮಾಡಬೇಕು?”

ಅನಘಾಳೊಂದಿಗೆ ಬೇರೆಯಾಗಿ ಮಾತಾಡಿದಾಗ ಗೊತ್ತಾಗಿದ್ದು: ಉತ್ತರ ಗೊತ್ತಿರುತ್ತದೆ, ಆದರೆ ತಲೆಯೊಳಗೆ ವಾಕ್ಯ ಜೋಡಿಸಿ ಮುಗಿಸುವ ಹೊತ್ತಿಗೆ ಇನ್ನೊಬ್ಬರು ಹೇಳಿಬಿಟ್ಟಿರುತ್ತಾರೆ. ಹಾಗಾಗಿ ಕೊಟ್ಟ ಕ್ರಮ ಹೀಗಿತ್ತು. ಹಿಂದಿನ ರಾತ್ರಿ ಹತ್ತು ನಿಮಿಷ, ಮರುದಿನ ಇರುವ ಒಂದೇ ಒಂದು ವಿಷಯದ ನೋಟ್ಸ್ ತಿರುವಿಹಾಕಿ, ಮೂರು ವಾಕ್ಯ ಜರ್ಮನ್‌ನಲ್ಲಿ ಬರೆದಿಟ್ಟುಕೊಳ್ಳುವುದು. ಬಹಳಷ್ಟು ಶಿಕ್ಷಕರು ಪಾಠ ಶುರುವಾದ ಮೊದಲ ಐದು-ಹತ್ತು ನಿಮಿಷ ಕಳೆದ ಪಾಠವನ್ನೇ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಊಹಿಸಬಹುದು. ಆಗಲೇ, ಎಲ್ಲರಿಗಿಂತ ಮೊದಲು, ತೋರುಬೆರಳು ಎತ್ತುವುದು. ಮೊದಲ ಉತ್ತರ ಕೊಡುವುದು ಸುಲಭ. ಐದನೆಯವರು ಹಿಂದಿನ ನಾಲ್ವರು ಹೇಳಿದ್ದಕ್ಕೆ ಏನಾದರೂ ಸೇರಿಸಬೇಕಾಗುತ್ತದೆ. ದಿನಕ್ಕೆ ಒಂದು ಸಲ ಸಾಕು. ಎರಡನೇ ವಾರದಿಂದ ಎರಡು. ಪಠ್ಯ ಗಟ್ಟಿಯಾಗಿ ಓದುವುದು, ಹೋಂವರ್ಕ್‌ನ ಉತ್ತರ ಹೇಳುವುದೂ ಲೆಕ್ಕಕ್ಕೆ ಬರುತ್ತದೆ.

ಉತ್ತರ ಗೊತ್ತಿಲ್ಲದ ದಿನಕ್ಕೆ ಪ್ರಶ್ನೆ ಇರಲಿ ಎಂದೆವು. “ಇಶ್ ಹಾಬೆ ಐನೆ ಫ್ರಾಗೆ” ಅಂದರೆ ನನಗೊಂದು ಪ್ರಶ್ನೆ ಇದೆ, ಇದೂ ಭಾಗವಹಿಸಿದಂತೆಯೇ. ಕನ್ನಡದ ಮಕ್ಕಳಿಗೆ ಒಂದು ಅನುಕೂಲವೂ ಇದೆ. ‘ವೈಲ್’ (ಏಕೆಂದರೆ) ಬಂದ ಮೇಲೆ ಜರ್ಮನ್‌ನಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮ ವಾಕ್ಯದ ಹಾಗೆ. ಇಂಗ್ಲಿಷ್‌ನಿಂದ ತರ್ಜುಮೆ ಮಾಡುತ್ತಿದ್ದಾಗ ತಡವರಿಸುತ್ತಿದ್ದ ಅನಘಾಗೆ, ಕನ್ನಡದಲ್ಲಿ ಯೋಚಿಸಿ ಹೇಳಿದಾಗ ಆ ಭಾಗ ಸಲೀಸಾಯಿತು.

ಎರಡನೇ ವಾರ ಕೆಟ್ಟಿತು. ಬಯಾಲಜಿಯಲ್ಲಿ ಹಕ್ಕಿ ಎಂಬ ಪದವನ್ನು ಬರೆದಿದ್ದಂತೆ ‘ವೋಗೆಲ್’ ಎಂದಳು, ಉಚ್ಚಾರ ‘ಫೋಗೆಲ್’. ಹಿಂದಿನ ಬೆಂಚಿನ ಹುಡುಗನೊಬ್ಬ ಅದನ್ನೇ ಹೇಳಿ ನಗಿಸಿದ. ಒಂದು ವಾರ ಮತ್ತೆ ಮೌನ, ಸೋಮವಾರ ಮತ್ತೆ ತಲೆನೋವು. ಇಂಥಲ್ಲಿ ‘ಅದನ್ನೆಲ್ಲ ತಲೆಗೆ ಹಾಕ್ಕೋಬೇಡ’ ಎನ್ನುವುದು ನಿಷ್ಪ್ರಯೋಜಕ. ಒಂದು ಸಲದ ನಗುವನ್ನೂ ಬೆನ್ನುಬಿಡದ ಗೇಲಿಯನ್ನೂ ಬೇರೆ ಮಾಡಿ ನೋಡಬೇಕು. ತಾರೀಕು, ಯಾರು, ಏನು ಅಂದರು ಎಂದು ಡೈರಿಯಲ್ಲಿ ಒಂದು ಸಾಲು ಬರೆದಿಡು. ಅದೇ ವ್ಯಕ್ತಿಯಿಂದ ಮತ್ತೆ ಮತ್ತೆ ಬಂದರೆ ಆ ಡೈರಿ ಸಮೇತ ಕ್ಲಾಸ್ ಟೀಚರ್ ಅಥವಾ ಶಾಲೆಯ ಸಮಾಜ ಕಾರ್ಯಕರ್ತೆಯ ಬಳಿ ಹೋಗು ಎಂದು ತಿಳಿಸಿದೆವು. ಮನೆಯಲ್ಲಿ ಹೇಳಲಾಗದ ದಿನಕ್ಕೆ 116 111: ಜರ್ಮನಿಯಲ್ಲಿ ಮಕ್ಕಳಿಗಾಗಿಯೇ ಇರುವ ಉಚಿತ ಸಹಾಯವಾಣಿ, ಹೆಸರು ಹೇಳಬೇಕಿಲ್ಲ. ಗೇಲಿ ಮರುಕಳಿಸಲಿಲ್ಲ. ತಲೆನೋವಿಗಾಗಿ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳಲು ಹೇಳಿದ್ದೆವು, ತೊಂದರೆ ಇರಲಿಲ್ಲ.

ಊಟದ ಡಬ್ಬಿಯ ವಿಷಯ ಅವಳೇ ತೆಗೆದಳು. ತಾಯಿ ಬೆಳಿಗ್ಗೆ ಎದ್ದು ಚಿತ್ರಾನ್ನ, ಪುಳಿಯೋಗರೆ ಕಟ್ಟಿಕೊಡುತ್ತಿದ್ದರು. ಅನಘಾ ವಿರಾಮದಲ್ಲಿ ಮೆಟ್ಟಿಲ ಕೆಳಗೆ ಒಬ್ಬಳೇ ಕೂತು ತಿನ್ನುತ್ತಿದ್ದಳು. ನಮ್ಮ ತಿಂಡಿ ಅಂದರೆ ಅವಳಿಗೆ ನಾಚಿಕೆ ಎಂದು ತಾಯಿಗೆ ನೋವು. ವಿಚಾರಿಸಿದರೆ ನಾಚಿಕೆಯೇನೂ ಅಲ್ಲ. ದೊಡ್ಡ ವಿರಾಮ ಇಪ್ಪತ್ತು ನಿಮಿಷ. ಎಲ್ಲರೂ ಅಂಗಳದಲ್ಲಿ ನಿಂತು, ಓಡಾಡುತ್ತ ಒಂದು ಕೈಯಲ್ಲಿ ಬ್ರೆಡ್ ತಿನ್ನುತ್ತಾರೆ. ಅನ್ನಕ್ಕೆ ಡಬ್ಬಿ, ಚಮಚ, ಕೂರುವ ಜಾಗ ಮೂರೂ ಬೇಕು. ಕೂರುವವಳು ಗುಂಪಿನಿಂದ ತಾನಾಗಿ ಹೊರಗಾಗುತ್ತಾಳೆ. ಚಪಾತಿಗೆ ಒಣ ಪಲ್ಯ ಹಾಕಿ ಸುತ್ತಿ, ಕೆಳ ತುದಿ ಮಡಚಿ ಕಾಗದದಲ್ಲಿ ಬಿಗಿಯಾಗಿ ಕಟ್ಟಿ ಕೊಡಿ ಎಂದೆವು. ನೀರು ಬಿಡುವ ಟೊಮೆಟೊ, ಸೌತೆ ಬೇಡ. ಬೆಳಿಗ್ಗೆ ಹನ್ನೊಂದರೊಳಗೆ ಚಪಾತಿ ತೊಯ್ದು ಮೆತ್ತಗಾಗುತ್ತದೆ. ಇಡೀ ಪ್ರಕರಣದಲ್ಲಿ ಬೇಗ ಫಲ ಕೊಟ್ಟಿದ್ದು ಇದೇ. ಚಿತ್ರಾನ್ನ ಈಗ ಮಧ್ಯಾಹ್ನ ಮನೆಗೆ ಬಂದ ಮೇಲೆ.

ಇನ್ನೊಂದು ತೊಡಕು ಗಡಿಯಾರದ್ದು. ಚಳಿಗಾಲದಲ್ಲಿ ಬೆಂಗಳೂರು ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ಹಳೆಯ ಗೆಳತಿಯರು ಟ್ಯೂಷನ್ ಮುಗಿಸಿ ಫೋನ್ ಹಿಡಿಯುವ ರಾತ್ರಿ ಎಂಟೂವರೆ, ಅಲ್ಲಿ ಸಂಜೆ ನಾಲ್ಕು. ಜರ್ಮನ್ ಮಕ್ಕಳು ಶಾಲೆಯ ಕೂಟಕ್ಕೋ ಊರಿನ ಫೆರೈನ್‌ಗೋ, ಅಂದರೆ ಕ್ರೀಡಾ ಸಂಘಕ್ಕೋ, ಹೋಗುವುದು ಸರಿಯಾಗಿ ಅದೇ ಹೊತ್ತಿಗೆ. ಸ್ನೇಹ ಬೆಳೆಯುವುದು ಕ್ಲಾಸಿಗಿಂತ ಹೆಚ್ಚಾಗಿ ಅಲ್ಲೇ. ಫೋನ್ ಕಿತ್ತುಕೊಳ್ಳುವುದು ತಂದೆಯ ಆಲೋಚನೆ, ಬೇಡ ಎಂದೆವು. ಆ ಗೆಳತಿಯರೇ ಅವಳಿಗಿದ್ದ ಆಸರೆ. ವಾರದಲ್ಲಿ ಎರಡು ಸಂಜೆ ಮಾತ್ರ ಬಿಡಿಸಿಕೊಂಡು, ದೊಡ್ಡ ಹರಟೆಯನ್ನು ಶನಿವಾರಕ್ಕೆ ಇಟ್ಟುಕೊಳ್ಳಲಿ. ಅವಳು ವಾಲಿಬಾಲ್ ಆರಿಸಿಕೊಂಡಳು. ಸಂಘಗಳು ಸಾಮಾನ್ಯವಾಗಿ ಮೊದಲ ಒಂದೆರಡು ಅಭ್ಯಾಸಕ್ಕೆ ಹಣ ಕೇಳುವುದಿಲ್ಲ. ಸೇರುವಾಗ ಸದಸ್ಯತ್ವ ಬಿಡುವ ನಿಯಮ ಓದಿಕೊಳ್ಳಿ, ಎಷ್ಟೋ ಕಡೆ ಮುಂಚಿತವಾಗಿ ಬರೆದುಕೊಡಬೇಕು.

ಮೇ ತಿಂಗಳಲ್ಲಿ ಐದು ದಿನದ ಶಾಲಾ ಪ್ರವಾಸವಿತ್ತು. ಹುಡುಗರೂ ಇರುತ್ತಾರೆ, ಊಟ ಸರಿಹೋಗಲ್ಲ ಎಂದು ಮನೆಯವರು ಹಿಂಜರಿದರು. ಪೋಷಕರ ಸಭೆಗೆ ಹೋಗಿ ಕೋಣೆಯ ವ್ಯವಸ್ಥೆ ಕೇಳಿ ಎಂದೆವು. ಹುಡುಗಿಯರಿಗೆ ಬೇರೆ ಕೋಣೆ. ಅರ್ಜಿಯಲ್ಲಿ ‘ವೆಗೆಟಾರಿಶ್’ ಎಂದಷ್ಟೇ ಬರೆದರೆ ಮೊಟ್ಟೆ ಬರುತ್ತದೆ, ಅದೂ ಬೇಡವಾದರೆ ಬೇರೆಯಾಗಿ ಬರೆಯಬೇಕು. ಕೈಗೆ ಬರುವ ಜೆಲ್ಲಿ ಮಿಠಾಯಿಗಳಲ್ಲಿ ಹಲವಕ್ಕೆ ಪ್ರಾಣಿಜನ್ಯ ಜೆಲಟಿನ್ ಹಾಕಿರುತ್ತಾರೆ, ಅದು ಅವಳಿಗೇ ಗೊತ್ತಿರಲಿ. ಹೋಗಿಬಂದಳು.

ಮನೆಯಲ್ಲಿ ಅಭ್ಯಾಸವಾಗಲಿ ಎಂದು ತಂದೆ ತಾಯಿ ಅರೆಬರೆ ಜರ್ಮನ್‌ನಲ್ಲಿ ಮಾತಾಡುತ್ತಿದ್ದುದನ್ನು ನಿಲ್ಲಿಸಲು ಹೇಳಿದೆವು. ಮನೆಯಲ್ಲಿ ಕನ್ನಡವೇ ಇರಲಿ. ದಿನದ ಸಿಟ್ಟು, ಅಳು ಹೊರಬರುವುದು ಆ ಭಾಷೆಯಲ್ಲಿ. ಡಾಕ್ಟರ ಬಳಿ, ಕಚೇರಿಗಳಲ್ಲಿ ಅವಳನ್ನು ದುಭಾಷಿ ಮಾಡುವುದೂ ಬೇಡ.

ಜುಲೈ ಅಂಕಪಟ್ಟಿಯಲ್ಲಿ ಬಯಾಲಜಿ 3, ಇತಿಹಾಸ ಇನ್ನೂ 4. ಸೋಮವಾರದ ತಲೆನೋವು ತಿಂಗಳಿಗೊಮ್ಮೆಗೆ ಇಳಿದಿದೆ. ಕೊನೆಯ ಭೇಟಿಯಲ್ಲಿ ಅನಘಾ ಕೇಳಿದ್ದು ಶಾಲೆಯ ವಿಷಯವಲ್ಲ: “ಅಮ್ಮ ಯಾವಾಗಲೂ ‘ಹೇಗೂ ವಾಪಸ್ ಹೋಗ್ತೀವಲ್ಲ’ ಅಂತಾಳೆ. ಯಾವಾಗ?” ತಂದೆಯ ಕೆಲಸದ ಒಪ್ಪಂದ ಮುಗಿಯುವ ತಿಂಗಳು ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಆ ತಿಂಗಳನ್ನು, ಮುಂದೆ ಉಳಿಯುವ ಸಾಧ್ಯತೆ ಎಷ್ಟು ಎಂಬುದನ್ನು ಇದ್ದಂತೆ ಹೇಳಿಬಿಡಿ ಎಂದು ಪೋಷಕರಿಗೆ ತಿಳಿಸಿದೆವು. ಮುಂದಿನ ಭೇಟಿ ಸೆಪ್ಟೆಂಬರ್‌ನಲ್ಲಿ.