ವಿಡಿಯೊ ಗೇಮ್‌ನ ಮರೆತುಹೋದ ಪ್ರವರ್ತಕರಿಗೆ ಮಂಗಳೂರಿನಲ್ಲಿದ್ದುಕೊಂಡು ಮನ್ನಣೆ ದೊರಕಿಸುವುದು ಹೇಗೆ?

ಮನ್ನಣೆ ತಪ್ಪಿದ್ದೇಕೆ ಎಂಬುದನ್ನು ಮೊದಲು ತಿಳಿಯಬೇಕು. 1970ರ ದಶಕದಲ್ಲಿ ಅಮೆರಿಕದ ವಿಡಿಯೊ ಗೇಮ್ ತಯಾರಕ ಅಟಾರಿ ಕಂಪನಿಯು ಆಟ ರೂಪಿಸಿದವರ ಹೆಸರನ್ನು ಪ್ರಕಟಿಸುತ್ತಿರಲಿಲ್ಲವಾದ್ದರಿಂದ, ಅಲ್ಲಿ ಆಟ ರೂಪಿಸುತ್ತಿದ್ದ ವಾರೆನ್ ರಾಬಿನೆಟ್ ತಮ್ಮ 'ಅಡ್ವೆಂಚರ್' ಆಟದೊಳಗಿನ ಗುಪ್ತ ಕೋಣೆಯೊಂದರಲ್ಲಿ ಸ್ವಂತ ಹೆಸರನ್ನು ಅಡಗಿಸಿಟ್ಟರು.

ಜೆರ್ರಿ ಲಾಸನ್ ಅವರ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಒಂದೇ ಯಂತ್ರದಲ್ಲಿ ಕಾರ್ಟ್ರಿಜ್ (ಆಟವನ್ನು ತುಂಬಿಟ್ಟ ಪುಟ್ಟ ಡಬ್ಬಿ) ಬದಲಿಸಿ ಬೇರೆ ಬೇರೆ ಆಟಗಳನ್ನು ಆಡಲು ಅನುವು ಮಾಡಿದ, 1976ರಲ್ಲಿ ಮಾರುಕಟ್ಟೆಗೆ ಬಂದ ಫೇರ್‌ಚೈಲ್ಡ್ ಚಾನೆಲ್ ಎಫ್ ಎಂಬ ಗೇಮ್ ಯಂತ್ರದ ಯೋಜನೆಯ ಮುಂದಾಳಾಗಿದ್ದ ಈ ಕಪ್ಪುವರ್ಣೀಯ ಎಂಜಿನಿಯರ್‌ಗೆ ಗೇಮ್ ತಯಾರಕರ ಅಂತರರಾಷ್ಟ್ರೀಯ ಸಂಘವು ಗೌರವ ಸಲ್ಲಿಸಿದ್ದು 2011ರ ಮಾರ್ಚ್‌ನಲ್ಲಿ. ಮರುತಿಂಗಳೇ ಅವರು ತೀರಿಕೊಂಡರು. ಹಾಗೆಂದು ಎಲ್ಲವನ್ನೂ ಅವರೊಬ್ಬರ ಹೆಸರಿಗೆ ಬರೆಯುವುದೂ ಸರಿಯಲ್ಲ, ಏಕೆಂದರೆ ಆ ಯಂತ್ರದ ಮೂಲ ಮಾದರಿಯನ್ನು ನಿರ್ಮಿಸಿದವರು ಆಲ್ಪೆಕ್ಸ್ ಕಂಪನಿಯ ವಾಲೆಸ್ ಕಿರ್ಷ್ನರ್ ಮತ್ತು ಲಾರೆನ್ಸ್ ಹ್ಯಾಸ್ಕೆಲ್. ಅದನ್ನು ಮಾರಾಟಯೋಗ್ಯ ಯಂತ್ರವಾಗಿಸಿದ್ದು ಲಾಸನ್ ಅವರ ತಂಡ. ಒಬ್ಬರ ಹೆಸರನ್ನು ಎತ್ತಿಹಿಡಿಯುವ ಭರದಲ್ಲಿ ಇನ್ನಿಬ್ಬರನ್ನು ಅಳಿಸಬಾರದು.

ನಮ್ಮಲ್ಲಿ ಆಗಬಹುದಾದ ಕೆಲಸವಿದೆ. ಕನ್ನಡ ವಿಕಿಪೀಡಿಯದಲ್ಲಿ ಇವರ ಬಗ್ಗೆ ಆಧಾರಸಹಿತ ಲೇಖನಗಳನ್ನು ಬರೆಯಬಹುದು ಅಥವಾ ಇರುವುದನ್ನು ವಿಸ್ತರಿಸಬಹುದು. ಪಿಲಿಕುಳದ ವಿಜ್ಞಾನ ಕೇಂದ್ರಕ್ಕೆ ಒಂದು ತಾತ್ಕಾಲಿಕ ಪ್ರದರ್ಶನದ ಪ್ರಸ್ತಾವ ಸಲ್ಲಿಸಬಹುದು. ಸುರತ್ಕಲ್, ಮಣಿಪಾಲದ ಎಂಜಿನಿಯರಿಂಗ್ ತರಗತಿಗಳಲ್ಲಿ, 1982ರ 'ರಿವರ್ ರೇಡ್' ಆಟದ ಉದ್ದನೆಯ ನದಿಯನ್ನು ಕೇವಲ 4 ಕಿಲೋಬೈಟ್‌ನೊಳಗೆ ಸೂತ್ರದಿಂದಲೇ ಹುಟ್ಟಿಸಿದ ಕ್ಯಾರಲ್ ಶಾ ಅವರ ತಂತ್ರವನ್ನು ಅವರ ಹೆಸರಿನೊಂದಿಗೇ ಕಲಿಸಬೇಕೆಂದು ಅಧ್ಯಾಪಕರನ್ನು ಕೇಳಿಕೊಳ್ಳಬಹುದು.