ನಟ್ ಎಲ್ಲ ಬಿಚ್ಚಿದರೂ ಸಿಲಿಂಡರ್ ಹೆಡ್ ಏಕೆ ಕದಲುವುದಿಲ್ಲ?

ನಿಮ್ಮದು ಮಾರಿಸ್ ಮೈನರ್ 1000 ಕಾರು, 948 ಸಿಸಿ ಎಂಜಿನ್. ನಡುವಿನ ಎರಡು ಸಿಲಿಂಡರ್‌ಗಳಲ್ಲಿ ಕಂಪ್ರೆಶನ್ (ಪಿಸ್ಟನ್ ಒತ್ತಿದ ಗಾಳಿಯ ಒತ್ತಡ) ಬಿದ್ದುಹೋಗಿದೆ, ನಟ್‌ಗಳನ್ನು ಬಿಚ್ಚಿದ್ದೀರಿ, ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್ ಜಪ್ಪಯ್ಯ ಎಂದರೂ ಏಳುತ್ತಿಲ್ಲ. ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಬಹುದೇ ಎಂದು ಕೇಳಿದ್ದೀರಿ.

ಮೀಟಬೇಡಿ. ಮೊದಲ ಸಲ ಹೆಡ್ ಬಿಚ್ಚಿದಾಗ ನಾನೂ ಅದನ್ನೇ ಮಾಡಿದ್ದೆ. ಹೆಡ್ ಎದ್ದಿತೇನೋ ನಿಜ, ಆದರೆ ಅದರ ಅಡಿಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಉಳಿಯಿತು. ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವೆ ಕೂರುವ ತೆಳು ಹಾಳೆಯನ್ನು, ಅಂದರೆ ಗ್ಯಾಸ್ಕೆಟ್ಟನ್ನು, ಹೊಸದಾಗಿ ಹಾಕಿದ ಮೇಲೂ ಸರಿಯಾಗಿ ಅಲ್ಲಿಂದಲೇ ನೀರು ಜಿನುಗತೊಡಗಿತು. ಮತ್ತೆ ಎಲ್ಲವನ್ನೂ ಬಿಚ್ಚಿ, ಹೆಡ್ಡನ್ನು ಗ್ರೈಂಡಿಂಗ್ ಮಾಡಿಸಬೇಕಾಯಿತು.

ಮೊದಲು ನಟ್‌ಗಳನ್ನು ಎಣಿಸಿ. ಈ ಎಂಜಿನ್ನಿನಲ್ಲಿ ಹೆಡ್ಡಿಗೆ ಒಂಬತ್ತು ಸ್ಟಡ್‌ಗಳಿವೆ, ಅಂದರೆ ಬ್ಲಾಕಿನಿಂದ ಮೇಲೆದ್ದು ನಿಂತ, ನಟ್ ಕೂರುವ ಕಂಬಿಗಳು. ಅವುಗಳಲ್ಲಿ ನಾಲ್ಕರ ನಟ್‌ಗಳು ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳ ಶಾಫ್ಟನ್ನೂ ಹಿಡಿದಿರುತ್ತವೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬ್ಲಾಕಿನ ನಲ್ಲಿಯಿಂದಲೂ ನೀರು ಇಳಿಸಿದ್ದೀರಾ? ತುಕ್ಕು ಕಟ್ಟಿಕೊಂಡಿದ್ದರೆ ತಂತಿಯಿಂದ ಚುಚ್ಚಿ. ವಾಟರ್ ಪಂಪಿನಿಂದ ಹೆಡ್ಡಿಗೆ ಹೋಗುವ ಆ ಗೇಣುದ್ದವೂ ಇಲ್ಲದ ಬೈಪಾಸ್ ಹೋಸ್ ಇನ್ನೂ ಬಿಗಿದುಕೊಂಡಿದೆಯೇ ನೋಡಿ. ನಾನಂತೂ ಅದನ್ನು ಕತ್ತರಿಸಿ ಎಸೆಯುತ್ತೇನೆ, ಹೇಗೂ ಹೊಸದು ಹಾಕಬೇಕು.

ರಾಕರ್‌ಗಳನ್ನು ಕೆಳಗಿನಿಂದ ನೂಕುವ ಪುಶ್‌ರಾಡ್‌ಗಳನ್ನು ಇನ್ನೂ ತೆಗೆದಿಲ್ಲವಾದರೆ ಒಂದು ಎಚ್ಚರಿಕೆ. ಅವುಗಳ ಬುಡ, ಕೆಳಗಿರುವ ಬಟ್ಟಲಿನಂಥ ಟ್ಯಾಪೆಟ್ಟಿನೊಳಗಿನ ಎಣ್ಣೆಗೆ ಅಂಟಿರುತ್ತದೆ. ಒಮ್ಮೆಲೇ ಎಳೆದರೆ ಟ್ಯಾಪೆಟ್ಟೂ ಜೊತೆಗೆ ಬಂದು ಅರ್ಧದಾರಿಯಲ್ಲಿ ಕಳಚಿ ಬೀಳುತ್ತದೆ. ಬೆರಳಲ್ಲಿ ಹಿಡಿದು ತಿರುಚಿ. ‘ಚಕ್’ ಎಂದು ಸಣ್ಣ ಸದ್ದಾಗಿ ಬಿಟ್ಟುಕೊಂಡ ಮೇಲೆ ಎತ್ತಿ. ರಟ್ಟಿನಲ್ಲಿ ಎಂಟು ತೂತು ಮಾಡಿ, ಬಂದ ಕ್ರಮದಲ್ಲೇ ಸಿಕ್ಕಿಸಿಡಿ.

ಇನ್ನು ಹೆಡ್ಡಿನ ವಿಷಯ. ಹಿಡಿದುಕೊಂಡಿರುವುದು ಗ್ಯಾಸ್ಕೆಟ್ ಎಂದು ಎಲ್ಲರೂ ಭಾವಿಸುತ್ತಾರೆ. ಬಹಳ ಸಲ ನಿಜವಾದ ಕಳ್ಳ ಸ್ಟಡ್: ಅದಕ್ಕೂ ಹೆಡ್ಡಿನ ತೂತಿಗೂ ನಡುವೆ ತುಕ್ಕು ತುಂಬಿ ಗಾರೆಯಂತೆ ಗಟ್ಟಿಯಾಗಿರುತ್ತದೆ. ಪ್ರತಿ ಸ್ಟಡ್ಡಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹನಿಸಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಮರದ ತುಂಡನ್ನು ಅಡ್ಡವಿಟ್ಟು ಹೆಡ್ಡಿನ ಪಕ್ಕಗಳಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಆಗಲೂ ಕದಲದ ಸ್ಟಡ್ ಇದ್ದರೆ ಅದರ ಮೇಲೆ ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು, ಕೆಳಗಿನದನ್ನು ತಿರುಗಿಸಿ, ಸ್ಟಡ್ಡೇ ಹೊರಬರುತ್ತದೆ.

ಅದಕ್ಕೂ ಮಣಿಯದಿದ್ದರೆ ಎಂಜಿನ್ನಿನ ಕೈಯಲ್ಲೇ ಕೆಲಸ ಮಾಡಿಸಿ. ರಾಕರ್ ತೆಗೆದ ಮೇಲೆ ಎಲ್ಲ ವಾಲ್ವ್‌ಗಳೂ ಮುಚ್ಚಿರುತ್ತವೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, 1 ಮತ್ತು 4ನೆಯ ಪಿಸ್ಟನ್‌ಗಳನ್ನು ಕೆಳಕ್ಕೆ ತಂದು, ಪ್ಲಗ್ ಮತ್ತೆ ಬಿಗಿಯಿರಿ. ಹೆಡ್ ನಟ್‌ಗಳನ್ನು ನಾಲ್ಕೈದು ಸುತ್ತು ಮಾತ್ರ ಹಾಕಿ, ಹೆಡ್ ಏಳಲು ಜಾಗ ಉಳಿಸಿ. ಇಗ್ನಿಷನ್ ಆಫ್ ಇರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಮೈನರ್‌ಗೆ ಮುಂದಿನಿಂದ ಹಾಕುವ ಸ್ಟಾರ್ಟಿಂಗ್ ಹ್ಯಾಂಡಲ್ ಇದೆಯಲ್ಲ, ಅದರಿಂದ ಅರ್ಧ ಸುತ್ತು ತಿರುಗಿಸಿ. ಎರಡೂ ಪಿಸ್ಟನ್‌ಗಳು ಒತ್ತಿದ ಗಾಳಿ ಹೆಡ್ಡನ್ನು ಅಡಿಯಿಂದ ಸಮನಾಗಿ ನೂಕುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಪ್ಲಗ್ ಬಿಚ್ಚಿ ಗಾಳಿ ತುಂಬಲು ಬಿಟ್ಟು ಪುನಃ ಮಾಡಿ.

ಎದ್ದ ಮೇಲೆ ನೇರ ಮೇಲಕ್ಕೆ ಎತ್ತಿ, ಓರೆ ಮಾಡಿದರೆ ಸ್ಟಡ್ಡಿಗೆ ಕಚ್ಚಿಕೊಳ್ಳುತ್ತದೆ. ಇಬ್ಬರಿದ್ದರೆ ಒಳ್ಳೆಯದು, ಬೀಡುಕಬ್ಬಿಣ ಹಗುರವಲ್ಲ. ಹಳೆಯ ಗ್ಯಾಸ್ಕೆಟ್ಟನ್ನು ತಕ್ಷಣ ಎಸೆಯಬೇಡಿ. 2 ಮತ್ತು 3ನೆಯ ಸಿಲಿಂಡರ್‌ಗಳ ನಡುವಿನ ಕಿರಿದಾದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ನಿಮ್ಮ ಲಕ್ಷಣಗಳನ್ನು ಕೇಳಿದರೆ, ಅಲ್ಲಿ ಸುಟ್ಟು ಕಪ್ಪಾದ ಸೀಳು ಇರಲೇಬೇಕು ಎಂದು ನನ್ನ ಊಹೆ.